ನೋವಿನ ಪ್ರಶ್ನೆಗೆ ನಾನು ಹಾಕಿದ ಸೊನ್ನೆ

ನಾಲ್ಕು ವರ್ಷದ ಮಗನಿಗೆ ಸೆರೆಬ್ರಲ್ ಪಾಲ್ಸಿ (ಎಳವೆಯಲ್ಲೇ ಮೆದುಳಿಗಾದ ಹಾನಿಯಿಂದ ಚಲನೆ ಕಷ್ಟವಾಗುವ ಸ್ಥಿತಿ) ಇದೆ, ಜೀವನದ ಗುಣಮಟ್ಟ ಅಳೆಯೋಕೆ ಯಾವ ಫಾರ್ಮ್ ಒಳ್ಳೆಯದು, ನಡೆಯೋಕೆ ಶುರು ಮಾಡಿದರೆ ಅಂಕ ಎಷ್ಟು ಏರುತ್ತೆ ಅಂತ ಕೇಳಿದ್ದೀರಿ. ಆರು ವರ್ಷದ ಹಿಂದೆ ನಾನೂ ಇದನ್ನೇ ಕೇಳಿದ್ದೆ.

ಮಗಳಿಗೆ ಆಗ ಮೂರು ವರ್ಷ. ಜಿಎಂಎಫ್‌ಸಿಎಸ್ ನಾಲ್ಕನೇ ಹಂತ; ಅದು ಓಡಾಟದ ಸಾಮರ್ಥ್ಯವನ್ನು ಐದು ಹಂತಗಳಲ್ಲಿ ಗುರುತಿಸುವ ಪಟ್ಟಿ, ಐದನೆಯದು ಅತಿ ಕಷ್ಟದ್ದು. ಕೂರಿಸಿದರೆ ಕೈ ಊರಿಕೊಂಡು ಕೂರುತ್ತಿದ್ದಳು, ಬೇರೆಡೆಗೆ ನಾವೇ ಎತ್ತಿಕೊಂಡು ಹೋಗಬೇಕಿತ್ತು. ಮಾತಿಲ್ಲ. ಜೀವನದ ಗುಣಮಟ್ಟ ಅಳೆಯೋಕೆ ನಮಗೆ ಕೊಟ್ಟಿದ್ದು ಪೆಡ್ಸ್‌ಕ್ಯೂಎಲ್‌ನ ಸೆರೆಬ್ರಲ್ ಪಾಲ್ಸಿ ಫಾರ್ಮ್. ಎರಡರಿಂದ ನಾಲ್ಕು ವರ್ಷದ ಮಕ್ಕಳ ಪರವಾಗಿ ಅಪ್ಪ ಅಮ್ಮನೇ ತುಂಬಬೇಕು. ಕಳೆದ ಒಂದು ತಿಂಗಳಲ್ಲಿ ತೊಂದರೆ ಇಲ್ಲವೇ ಇಲ್ಲ ಅಂದರೆ 0, ಹೆಚ್ಚುಕಮ್ಮಿ ಯಾವಾಗಲೂ ಇದ್ದರೆ 4. ಆಮೇಲೆ ಅದನ್ನು ತಿರುಗಿಸಿ ನೂರಕ್ಕೆ ಲೆಕ್ಕ ಹಾಕುತ್ತಾರೆ: 0 ಹಾಕಿದ್ದು 100 ಆಗುತ್ತೆ, 4 ಹಾಕಿದ್ದು 0.

ಓಡಾಟದ ಭಾಗದಲ್ಲಿ 4, 4 ಅಂತ ಹಾಕುತ್ತಾ ಅತ್ತುಬಿಟ್ಟೆ. ನೋವಿನ ಭಾಗ ಬಂದಾಗ ಸಮಾಧಾನವಾಯಿತು. ಎಲ್ಲದಕ್ಕೂ 0 ಹಾಕಿದೆ.

ಆ ಸೊನ್ನೆ ಹೇಗೆ ಬಂತು ಅಂತ ಬಿಡಿಸಿ ಹೇಳಲೇಬೇಕು. ಫಾರ್ಮ್ ತುಂಬಿದ್ದು ರಾತ್ರಿ, ಅವಳು ಮಲಗಿದ ಮೇಲೆ, ಒಬ್ಬಳೇ ಕೂತು. ನೋವಾದರೆ ಮಗು ಅಳುತ್ತೆ, ಇವಳು ಅಳೋದೇ ಇಲ್ಲ, ಹಾಗಾಗಿ ನೋವಿಲ್ಲ. ನನ್ನ ಲೆಕ್ಕ ಅಷ್ಟೇ. ಪ್ಯಾಂಟ್ ಹಾಕುವಾಗ ಮೈ ಸೆಟೆದುಕೊಳ್ಳುತ್ತಿದ್ದಳು, ಅದನ್ನು ಸ್ನಾಯುಗಳ ಬಿಗಿತದ ಖಾತೆಗೆ ಹಾಕಿದೆ. ರಾತ್ರಿ ಮೂರ್ನಾಲ್ಕು ಸಲ ಏಳುತ್ತಿದ್ದಳು, ಅಭ್ಯಾಸ ಅಂದುಕೊಂಡೆ. ಆಸರೆ ಕೊಟ್ಟು ನಿಲ್ಲಿಸುವ ಸ್ಟ್ಯಾಂಡಿಂಗ್ ಫ್ರೇಮ್ ಕಂಡರೆ ಮುಖ ತಿರುಗಿಸುತ್ತಿದ್ದಳು, ಹಟ ಅಂದುಕೊಂಡೆ. ಎಲ್ಲವೂ ಕಣ್ಣೆದುರೇ ಇತ್ತು. ಡಾಕ್ಟರ್ ನೋವಿನ ಭಾಗದಲ್ಲಿ ಪೂರ್ತಿ 100 ನೋಡಿ ಹಾಳೆ ತಿರುಗಿಸಿದರು. ನಾನು ಕೊಟ್ಟ ಉತ್ತರವನ್ನೇ ಅವರು ನಂಬಿದ್ದರು.

ಏಳು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅವಳಿಗೆ ಬಟ್ಟೆ ಹಾಕುತ್ತಿದ್ದೆ. ಪಕ್ಕದಲ್ಲಿದ್ದ ಅವಳ ಅಣ್ಣ, ಆರು ವರ್ಷದವನು, ಹೇಳಿದ: ‘ಅಮ್ಮಾ, ಎಡಗಾಲು ಅಗಲ ಮಾಡಿದಾಗ ಮಾತ್ರ ಪಾಪು ನಿನ್ನ ತೋಳು ಹಿಡ್ಕೊಳ್ತಾಳೆ. ಬಲಗಾಲಿಗೆ ಹಿಡ್ಕೊಳಲ್ಲ.’ ಮತ್ತೆ ಮಾಡಿ ನೋಡಿದೆ. ನಿಜ. ಬೆರಳುಗಳು ಬಿಳಿಚಿಕೊಳ್ಳುವಷ್ಟು ಗಟ್ಟಿ ಹಿಡಿತ, ಬಾಯಿಂದ ಒಂದು ಸದ್ದಿಲ್ಲ. ಎಕ್ಸ್‌ರೇಯಲ್ಲಿ ಎಡ ಸೊಂಟದ ಕೀಲಿನಲ್ಲಿ ತೊಡೆಮೂಳೆಯ ತಲೆ ಗುಳಿಯಿಂದ ಅರ್ಧಕ್ಕರ್ಧ ಹೊರಗೆ ಜಾರಿತ್ತು. ದೊಡ್ಡ ಆಪರೇಷನ್ನೇ ಆಯಿತು.

ಸೆರೆಬ್ರಲ್ ಪಾಲ್ಸಿ ಇರುವ ಮೂವರಲ್ಲಿ ಸುಮಾರು ಒಬ್ಬರಿಗೆ ಹೀಗೆ ಸೊಂಟ ಜಾರುತ್ತದೆ, ಹಂತ ಏರಿದಷ್ಟೂ ಜಾಸ್ತಿ. ನಿಮ್ಮ ಮಗನ ಸೊಂಟದ ಎಕ್ಸ್‌ರೇ ಯಾವಾಗ ತೆಗೆದಿದ್ದು? ಈ ವಾರವೇ ಕೇಳಿ.

ನಡಿಗೆಗೂ ಅಂಕಕ್ಕೂ ಗಂಟು ಹಾಕೋದನ್ನು ಮಾತ್ರ ದಯವಿಟ್ಟು ಬಿಡಿ. ಯುರೋಪಿನ ಸ್ಪಾರ್ಕಲ್ ಅಧ್ಯಯನ 2007ರಲ್ಲಿ ಬಂತು. ಅದರಲ್ಲಿ ಸೆರೆಬ್ರಲ್ ಪಾಲ್ಸಿ ಇರುವ, 8ರಿಂದ 12 ವರ್ಷದ 500 ಮಕ್ಕಳು ತಾವೇ ಉತ್ತರ ಕೊಟ್ಟರು. ಹೆಚ್ಚಿನ ವಿಷಯಗಳಲ್ಲಿ ಅವರ ಉತ್ತರ ಉಳಿದ ಮಕ್ಕಳ ಹಾಗೆಯೇ ಇತ್ತು. ನೋವಿದ್ದ ಮಕ್ಕಳ ಅಂಕ ಮಾತ್ರ ಎಲ್ಲ ಭಾಗಗಳಲ್ಲೂ ಇಳಿದಿತ್ತು.

ಫಾರ್ಮ್ ವಿಷಯಕ್ಕೆ ಬಂದರೆ, ನಾಲ್ಕು ತುಂಬಿದೆ ಅಲ್ವಾ, ಸಿಪಿ ಕ್ಯೂಒಎಲ್-ಚೈಲ್ಡ್ ಕೇಳಿ. ಮಗುವಿಗೆ ಹೇಗೆ ಅನಿಸುತ್ತಿದೆ ಅಂತ 1ರಿಂದ 9ರವರೆಗೆ ಕೇಳುತ್ತಾರೆ (1 ಅಂದರೆ ತುಂಬಾ ಬೇಸರ, 9 ಅಂದರೆ ತುಂಬಾ ಖುಷಿ), ನನಗೆ ಅದೇ ಸರಿ ಅನಿಸುತ್ತೆ. ತುಂಬೋ ಮೊದಲು ಒಂದು ವಾರ ಬಟ್ಟೆ ಹಾಕುವಾಗ, ಸ್ನಾನ ಮಾಡಿಸುವಾಗ, ಮಲಗಿಸುವಾಗ ಅವನನ್ನು ನೋಡಿ. ಮನೆಯಲ್ಲಿ ಇಬ್ಬರು ಬೇರೆ ಬೇರೆ ತುಂಬಿ. ಮಾತಿಲ್ಲದಿದ್ದರೆ ಪರಿಷ್ಕೃತ ಫ್ಲ್ಯಾಕ್ ಅಂತ ನೋವಿನ ಅಳತೆ ಇದೆ. ಮುಖ, ಕಾಲು, ಚಲನೆ, ಅಳು, ಸಮಾಧಾನವಾಗುವ ರೀತಿ, ಒಂದೊಂದಕ್ಕೆ 0ರಿಂದ 2. ನಿಮ್ಮ ಮಗುವಿಗೆ ಮಾತ್ರ ಇರುವ ಗುರುತನ್ನೂ ಅದರಲ್ಲಿ ಸೇರಿಸಬಹುದು. ನಮ್ಮದರಲ್ಲಿ ‘ತೋಳು ಹಿಡಿಯುತ್ತಾಳೆ’ ಅಂತ ಬರೆದಿದ್ದೆವು.

ಈಗ ಅವಳಿಗೆ ಒಂಬತ್ತು. ಆ ವಯಸ್ಸಿಂದ ಮಕ್ಕಳೇ ಉತ್ತರಿಸುವ ಸಿಪಿ ಕ್ಯೂಒಎಲ್ ಫಾರ್ಮ್ ಇದೆ. ಅಂಕಿಗಳ ಬೋರ್ಡ್ ಹಿಡಿದೆ, ಅವಳು ಕಣ್ಣಲ್ಲೇ ತೋರಿಸಿದಳು. ಓಡಾಡುವ ರೀತಿಯ ಬಗ್ಗೆ ಕೇಳಿದಾಗ ನಾನು ಮನಸ್ಸಲ್ಲೇ 3 ಅಂದುಕೊಂಡಿದ್ದೆ. ಅವಳು 8 ನೋಡಿದಳು. ತಪ್ಪಾಗಿ ನೋಡಿದಳೇನೋ ಅಂತ ಇನ್ನೊಮ್ಮೆ ಕೇಳಿದೆ. ಮತ್ತೆ 8.