ಓದುಗರ ಪ್ರಶ್ನೆ: ಪಿಕೋಸೆಕೆಂಡನ್ನು ಅಳೆಯುವುದು ಹೇಗೆ?

ಪ್ರಶ್ನೆ: ಮೇಡಂ, ನ್ಯೂಟ್ರಾನ್ ಜಾಸ್ತಿ ಇರುವ ಕೆಲವು ನ್ಯೂಕ್ಲಿಯಸ್‌ಗಳ ಉದ್ರಿಕ್ತ ಸ್ಥಿತಿ ಹತ್ತಿಪ್ಪತ್ತು ಪಿಕೋಸೆಕೆಂಡ್ ಮಾತ್ರ ಬಾಳುತ್ತದೆ ಎಂದು ಓದಿದೆ. ಅದನ್ನು ಯಾವ ಗಡಿಯಾರದಲ್ಲಿ ಅಳೆಯುತ್ತಾರೆ? ಅಳೆದು ಏನು ತಿಳಿಯುತ್ತದೆ?
– ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಪೊನ್ನಂಪೇಟೆ

ಉತ್ತರ: ಹೆಚ್ಚಾಗಿ ಗಡಿಯಾರ ಬಳಸುವುದಿಲ್ಲ ಮಗು, ದೂರವನ್ನು ಅಳೆಯುತ್ತಾರೆ.

ಮೊದಲು ಒಂದು ಗೊಂದಲ ಬಿಡಿಸೋಣ. ಕಾರ್ಬನ್-16 ತಗೋ. ಆರು ಪ್ರೋಟಾನ್, ಹತ್ತು ನ್ಯೂಟ್ರಾನ್. ಅದರ ಅರ್ಧಾಯುಷ್ಯ, ಅಂದರೆ ಅರ್ಧದಷ್ಟು ನ್ಯೂಕ್ಲಿಯಸ್‌ಗಳು ಬೇರೆಯದಾಗಿ ಬದಲಾಗಲು ಹಿಡಿಯುವ ಕಾಲ, ಸುಮಾರು ಮುಕ್ಕಾಲು ಸೆಕೆಂಡ್. ನೀನು ಕೇಳಿದ್ದು ಅದಲ್ಲ. ಈ ನ್ಯೂಕ್ಲಿಯಸ್‌ಗೆ ಹೆಚ್ಚುವರಿ ಶಕ್ತಿ ಸಿಕ್ಕಿದರೆ ಅದು ಮೇಲಿನ ಒಂದು ಮಟ್ಟಕ್ಕೆ ಏರುತ್ತದೆ. ಸ್ವಲ್ಪ ಹೊತ್ತಿಗೆ ಗಾಮಾ ಕಿರಣ ಬಿಟ್ಟು ಕೆಳಗಿಳಿಯುತ್ತದೆ. ಆ 'ಸ್ವಲ್ಪ ಹೊತ್ತೇ' ಉದ್ರಿಕ್ತ ಸ್ಥಿತಿಯ ಆಯಸ್ಸು. ಒಂದು ಪಿಕೋಸೆಕೆಂಡ್ ಅಂದರೆ ಸೆಕೆಂಡಿನ ಲಕ್ಷ ಕೋಟಿ ಪಾಲಲ್ಲಿ ಒಂದು.

ಈಗ ಅಳೆಯುವ ಉಪಾಯ. ಸುಂಟಿಕೊಪ್ಪದಲ್ಲಿ ರಸ್ತೆ ಬದಿ ಕಣ್ಣು ಮುಚ್ಚಿ ನಿಂತಿದ್ದೀಯ ಅಂದುಕೋ. ಕುಶಾಲನಗರದ ಕಡೆಯಿಂದ ಬಸ್ಸು ಬರುತ್ತಿದೆ. ಮಧ್ಯೆ ಒಂದು ಹಂಪ್ ಇದೆ. ಹಂಪ್‌ಗಿಂತ ಮೊದಲು ಬಸ್ಸು ಜೋರಾಗಿರುತ್ತದೆ, ಆಗ ಹಾರ್ನ್ ಹೊಡೆದರೆ ದನಿ ಹೆಚ್ಚು ಏರಿ ಕೇಳುತ್ತದೆ. ಹಂಪ್ ದಾಟಿ ನಿಧಾನವಾದ ಮೇಲೆ ಹೊಡೆದರೆ ಅಷ್ಟು ಏರುವುದಿಲ್ಲ. ನೀನು ಓದಿರುವ ಡಾಪ್ಲರ್ ಪರಿಣಾಮ ಇದೇ, ಅಲ್ವಾ? ದನಿ ಕೇಳಿಯೇ ಹಾರ್ನ್ ಎಲ್ಲಿ ಹೊಡೆದದ್ದು ಎಂದು ಹೇಳಬಹುದು. ಸಾವಿರಾರು ಬಸ್ಸುಗಳನ್ನು ಹೀಗೆ ಕೇಳಿ, ಹಂಪನ್ನು ಹಿಂದೆ ಮುಂದೆ ಸರಿಸುತ್ತಾ ಲೆಕ್ಕ ಹಾಕಿದರೆ, ಹೊರಟ ಎಷ್ಟು ಹೊತ್ತಿಗೆ ಚಾಲಕರು ಹಾರ್ನ್ ಹೊಡೆಯುತ್ತಾರೆ ಎಂಬುದು ಸಿಗುತ್ತದೆ.

ಪ್ರಯೋಗದಲ್ಲಿ ಎರಡು ತೆಳು ಲೋಹದ ಹಾಳೆಗಳಿರುತ್ತವೆ. ಮೊದಲನೆಯದರಲ್ಲಿ ನ್ಯೂಕ್ಲಿಯಸ್ ಉದ್ರಿಕ್ತವಾಗಿ ಹೊರಗೆ ಹಾರುತ್ತದೆ. ಎರಡನೆಯದು ಅದರ ವೇಗ ತಗ್ಗಿಸುತ್ತದೆ, ಕೆಲವು ಪ್ರಯೋಗಗಳಲ್ಲಿ ಪೂರ್ತಿ ನಿಲ್ಲಿಸಿಬಿಡುತ್ತದೆ. ನಮ್ಮ ಹಂಪ್ ಇದೇ, ಹಾರ್ನ್ ಅಂದರೆ ಗಾಮಾ ಕಿರಣ. ಈ ಸಾಧನಕ್ಕೆ ಪ್ಲಂಜರ್ ಎನ್ನುತ್ತಾರೆ. ಬೆಳಕಿನ ಮೂರನೇ ಒಂದು ಪಾಲು ವೇಗದಲ್ಲಿ ಹೋಗುವ ನ್ಯೂಕ್ಲಿಯಸ್ 10 ಪಿಕೋಸೆಕೆಂಡಿನಲ್ಲಿ ಒಂದು ಮಿಲಿಮೀಟರ್ ಸಾಗುತ್ತದೆ. ಮಿಲಿಮೀಟರನ್ನು ಅಳೆಯಲು ನಮಗೆ ಚೆನ್ನಾಗಿ ಬರುತ್ತದೆ! ಈ ಇಡೀ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು. ಆಯಸ್ಸು ನೂರಾರು ಪಿಕೋಸೆಕೆಂಡ್ ಇದ್ದರೆ ಗಾಮಾ ಬಿದ್ದರೆ ಮಿನುಗುವ ಲ್ಯಾಂಥನಮ್ ಬ್ರೋಮೈಡ್ ಹರಳಿನ ಡಿಟೆಕ್ಟರ್‌ಗಳಿಂದ ನೇರವಾಗಿಯೇ ಸಮಯ ಅಳೆಯಬಹುದು.

ಅಳೆದು ಏನು ಪ್ರಯೋಜನ? ಗಾಮಾ ಕಿರಣ ಹೊರಡಲು ಮುಖ್ಯವಾಗಿ ವಿದ್ಯುದಾವೇಶ ಅಲುಗಾಡಬೇಕು. ನ್ಯೂಕ್ಲಿಯಸ್‌ನಲ್ಲಿ ಆವೇಶ ಇರುವುದು ಪ್ರೋಟಾನ್‌ಗಳಿಗೆ. ತುಂಬಾ ಪ್ರೋಟಾನ್‌ಗಳು ಒಟ್ಟಾಗಿ ಅಲುಗಾಡಿದರೆ ಗಾಮಾ ಬೇಗ ಹೊರಡುತ್ತದೆ, ಆಯಸ್ಸು ಚಿಕ್ಕದಾಗುತ್ತದೆ. ಬರೀ ನ್ಯೂಟ್ರಾನ್‌ಗಳೇ ಅಲುಗಾಡಿದರೆ ತಡವಾಗುತ್ತದೆ. ಗಾಮಾದ ಶಕ್ತಿ ಹೆಚ್ಚಿದ್ದರೂ ಆಯಸ್ಸು ಕುಗ್ಗುತ್ತದೆ, ಹಾಗಾಗಿ ಎರಡನ್ನೂ ಸೇರಿಸಿ ನೋಡಬೇಕು. ಆಗ ಒಳಗೆ ಯಾರು ಅಲುಗಾಡುತ್ತಿದ್ದಾರೆ, ನ್ಯೂಕ್ಲಿಯಸ್ ಚೆಂಡಿನಂತಿದೆಯೋ ಉದ್ದಕ್ಕೆ ಎಳೆದಂತಿದೆಯೋ ಎಂಬ ಸುಳಿವು ಸಿಗುತ್ತದೆ.

ಕಾರ್ಬನ್-16ರ ಕತೆ ಇಲ್ಲೇ ಬರುತ್ತದೆ. 2004ರಲ್ಲಿ ಜಪಾನಿನಲ್ಲಿ ಅದರ ಮೊದಲ ಉದ್ರಿಕ್ತ ಸ್ಥಿತಿಯ ಆಯಸ್ಸು ಸುಮಾರು 77 ಪಿಕೋಸೆಕೆಂಡ್ ಎಂದು ಅಳೆದರು. ಅಲ್ಲಿ ಹಂಪ್ ಇರಲಿಲ್ಲ. ಗಾಮಾ ಎಲ್ಲಿಂದ ಹೊರಟಿತು ಎಂದು ಸೀಸದ ತಡೆಯ ನೆರಳಿನಿಂದ ಕಂಡುಹಿಡಿದಿದ್ದರು. ಅದು ಅಚ್ಚರಿಯಷ್ಟು ದೀರ್ಘ ಆಯಸ್ಸು. ಪ್ರೋಟಾನ್‌ಗಳು ಬಹುಮಟ್ಟಿಗೆ ಸುಮ್ನೆ ಕೂತಿವೆ, ಹೊರಗಿನ ನ್ಯೂಟ್ರಾನ್‌ಗಳು ಬೇರೆಯೇ ಕುಣಿಯುತ್ತಿವೆ ಎಂಬ ಚಿತ್ರ ಮೂಡಿತು. ಸಿದ್ಧಾಂತಿಗಳು ಅದನ್ನು ವಿವರಿಸಲು ಹೊರಟರು. 2008ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಹಾಳೆಗಳ ವಿಧಾನದಿಂದ ಅಳೆದಾಗ ಸಿಕ್ಕಿದ್ದು ಸುಮಾರು 12. ಅದೇ ವರ್ಷ ಜಪಾನಿನಲ್ಲೂ ಮತ್ತೆ ಅಳೆದರು, ಸುಮಾರು 18 ಬಂತು. ಕಾರ್ಬನ್-16 ಅಂಥ ವಿಚಿತ್ರವೇನೂ ಅಲ್ಲ ಎಂದಾಯಿತು. ತಮ್ಮದೇ ಫಲಿತಾಂಶವನ್ನು ಮತ್ತೆ ಪರೀಕ್ಷೆಗೆ ಒಡ್ಡಿದ ಆ ತಂಡದ ಮೇಲೆ ನನಗೆ ಬಹಳ ಗೌರವ. ನಮ್ಮ ಪಠ್ಯಪುಸ್ತಕಗಳಲ್ಲಿ ಇಂಥ ಕತೆಗಳು ಬರಬೇಕು.

ಇನ್ನೊಂದು ಮಾತು. ಈ ಕೆಲಸ ಕಲಿಯಲು ಮೊದಲೇ ವಿದೇಶಕ್ಕೆ ಹೋಗಬೇಕಿಲ್ಲ. 'ಇಂಗಾ' ಎಂಬ ಗಾಮಾ ಡಿಟೆಕ್ಟರ್‌ಗಳ ಸಮೂಹ ನಮ್ಮ ದೇಶದ್ದೇ. ಮುಂಬೈ, ದೆಹಲಿ, ಕೋಲ್ಕತ್ತಗಳ ವೇಗವರ್ಧಕ ಕೇಂದ್ರಗಳು ಅದನ್ನು ಸರದಿಯಲ್ಲಿ ಬಳಸಿವೆ. ಬಿಎಸ್ಸಿಯಲ್ಲಿ ಭೌತಶಾಸ್ತ್ರ, ಗಣಿತ ಬಿಡಬೇಡ.

ಪ್ರಶ್ನೆ: ಕ್ಷಣದಲ್ಲೇ ಅಳಿದುಹೋಗುವ, ನ್ಯೂಟ್ರಾನ್ ಜಾಸ್ತಿ ಇರುವ ಇಂಥ ನ್ಯೂಕ್ಲಿಯಸ್‌ಗಳು ಭೂಮಿಯ ಮೇಲೆ ಸಹಜವಾಗಿ ಸಿಗುವುದಿಲ್ಲವಲ್ಲ. ಮತ್ತೆ ನಮಗೇನು ಸಂಬಂಧ?
– ಕಾಫಿ ಬೆಳೆಗಾರರು, ನಾಪೋಕ್ಲು

ಉತ್ತರ: ನಿಮ್ಮ ಮನೆಯ ಜೋಮಾಲೆಯ ಚಿನ್ನ ಇದೆಯಲ್ಲ, ಅದು ಹುಟ್ಟಿದ್ದು ನ್ಯೂಟ್ರಾನ್ ತುಂಬಿ ತುಳುಕುವ ಇಂಥ ನ್ಯೂಕ್ಲಿಯಸ್‌ಗಳ ಹಾದಿಯಲ್ಲೇ. 2017ರ ಆಗಸ್ಟ್‌ನಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿ ಹೊಡೆದದ್ದನ್ನು ವಿಜ್ಞಾನಿಗಳು ಕಂಡರು. ಅಲ್ಲಿ ಭಾರವಾದ ಧಾತುಗಳು ಹೊಸದಾಗಿ ಹುಟ್ಟಿದ ಕುರುಹು ಬೆಳಕಿನಲ್ಲಿತ್ತು. ಆ ಹಾದಿಯ ಎಷ್ಟೋ ನ್ಯೂಕ್ಲಿಯಸ್‌ಗಳನ್ನು ಪ್ರಯೋಗಾಲಯದಲ್ಲಿ ಇನ್ನೂ ಮಾಡಲಾಗಿಲ್ಲ. ಅವುಗಳ ಗುಣಗಳನ್ನು ಲೆಕ್ಕದಿಂದಲೇ ಊಹಿಸಬೇಕು. ಆ ಲೆಕ್ಕ ನಂಬುವಂಥದ್ದೇ ಎಂದು ಪರೀಕ್ಷಿಸಲು ಕೈಗೆ ಸಿಗುವ ನ್ಯೂಕ್ಲಿಯಸ್‌ಗಳ ಆಯಸ್ಸನ್ನು ಸರಿಯಾಗಿ ಅಳೆಯಬೇಕು.