ಒಂದೇ ಬ್ಯಾಕ್ಟೀರಿಯಾ, ಎರಡು ಬಣ್ಣ: ಒಳಗೆ ಏನಾಗಿದೆ?

ಪ್ರಶ್ನೆ: ಪ್ರಾಜೆಕ್ಟ್‌ಗಾಗಿ ರೋಡೋಬ್ಯಾಕ್ಟರ್ ಸ್ಫೀರಾಯ್ಡಿಸ್ ಬೆಳೆಸುತ್ತಿದ್ದೇನೆ. ಕತ್ತಲಲ್ಲಿ ಶೇಕರ್ ಮೇಲಿಟ್ಟ ಫ್ಲಾಸ್ಕ್ ತಿಳಿ ಗುಲಾಬಿ. ಬಾಯಿ ತನಕ ತುಂಬಿಸಿ, ಮುಚ್ಚಳ ಬಿಗಿದು ಬಲ್ಬಿನ ಮುಂದಿಟ್ಟ ಬಾಟಲಿ ಹಸಿರುಗಂದು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಾಟಲಿಯ ಕೋಶಗಳ ತುಂಬಾ ಗುಂಡನೆಯ ಗುಳ್ಳೆಗಳು. ಫ್ಲಾಸ್ಕಿನವುಗಳಲ್ಲಿ ಹುಡುಕಿದರೂ ಸಿಗುವುದಿಲ್ಲ. ಬೇರೆ ಬ್ಯಾಕ್ಟೀರಿಯಾ ಸೇರಿಕೊಂಡಿದೆಯಾ?

ಉತ್ತರ: ಬಾಟಲಿ ಚೆಲ್ಲಬೇಡಿ! ಇದು ಈ ಬ್ಯಾಕ್ಟೀರಿಯಾದ ಹುಟ್ಟುಗುಣ: ಆಮ್ಲಜನಕ ಇದ್ದರೆ ಉಸಿರಾಡಿ ಬದುಕುತ್ತದೆ, ಇಲ್ಲದಿದ್ದರೆ ಬೆಳಕಿನಿಂದ ಶಕ್ತಿ ಪಡೆಯುತ್ತದೆ. ಆದರೂ ಅನುಮಾನ ಕಾಡಿದರೆ, ಪ್ಲೇಟಿನ ಒಂದೇ ಕಾಲನಿಯಿಂದ ಎರಡನ್ನೂ ಹೊಸದಾಗಿ ಶುರು ಮಾಡಿ. ಮತ್ತೆ ಅದೇ ಎರಡು ಬಣ್ಣ ಬರುತ್ತದೆ.

ಶೇಕರ್ ಮೇಲೆ ಆಮ್ಲಜನಕ ಧಾರಾಳ. ಉಸಿರಾಟದಲ್ಲೇ ಹೊಟ್ಟೆ ತುಂಬುವಾಗ ಬೆಳಕು ಹಿಡಿಯುವ ಸಲಕರಣೆ ಯಾಕೆ ಬೇಕು? ಅಪಾಯವೂ ಇದೆ. ಬ್ಯಾಕ್ಟೀರಿಯೋಕ್ಲೋರೋಫಿಲ್ (ಬೆಳಕು ಹೀರುವ ಬಣ್ಣದ ವಸ್ತು), ಬೆಳಕು, ಆಮ್ಲಜನಕ ಮೂರೂ ಸೇರಿದರೆ ಕೋಶವನ್ನೇ ಸುಡುವಂಥ ಚುರುಕು ಆಮ್ಲಜನಕ ಹುಟ್ಟುತ್ತದೆ. ಹಾಗಾಗಿ ಆಮ್ಲಜನಕ ಇರುವ ತನಕ ಕೋಶ ಆ ಸಲಕರಣೆಯ ಜೀನ್‌ಗಳ ಬಾಯಿ ಮುಚ್ಚಿಸಿರುತ್ತದೆ. ಆಮ್ಲಜನಕ ಇಳಿದಾಗ ಕೋಶದ ಪೊರೆ ಅಲ್ಲಲ್ಲಿ ಒಳಮುಖವಾಗಿ ಉಬ್ಬುತ್ತದೆ. ನೀವು ಕಂಡ ಗುಳ್ಳೆಗಳು ಅವೇ, ಬೆಳಕು ಹಿಡಿಯುವ ಸಲಕರಣೆ ಇರುವುದು ಅವುಗಳ ಪೊರೆಯಲ್ಲೇ. ಅಗಲ ಸುಮಾರು 50–60 ನ್ಯಾನೊಮೀಟರ್. ಬಣ್ಣದ ವ್ಯತ್ಯಾಸಕ್ಕೆ ಕ್ಯಾರೊಟಿನಾಯ್ಡ್‌ಗಳೆಂಬ ಹಳದಿ-ಕೆಂಪು ಬಣ್ಣದ ವಸ್ತುಗಳೂ ಕಾರಣ: ಆಮ್ಲಜನಕ ಸಿಕ್ಕರೆ ಹಳದಿ ಸ್ಫೀರಾಯ್ಡೀನ್ ಕೆಂಪು ಸ್ಫೀರಾಯ್ಡಿನೋನ್ ಆಗುತ್ತದೆ.

ಗುಳ್ಳೆ ಬೇಕೋ ಬೇಡವೋ ಅನ್ನುವುದನ್ನು ಆಮ್ಲಜನಕ ತೀರ್ಮಾನಿಸಿದರೆ, ಎಷ್ಟು ಬೇಕು ಅನ್ನುವುದು ಬೆಳಕಿನ ಕೈಯಲ್ಲಿದೆ. ಬೆಳಕು ಕಮ್ಮಿಯಾದಷ್ಟೂ ಗುಳ್ಳೆ ಜಾಸ್ತಿ. ಅವುಗಳಲ್ಲಿ ಎಲ್‌ಎಚ್‌2 ಎಂಬ ಬೆಳಕು ಹಿಡಿಯುವ ಪ್ರೋಟೀನಿನ ಪಾಲೂ ಜಾಸ್ತಿ. ಯಾವ ತರಂಗಾಂತರದ ಬೆಳಕು ಎಷ್ಟು ಹೀರಲ್ಪಟ್ಟಿದೆ ಎಂದು ಅಳೆಯುವ ಸ್ಪೆಕ್ಟ್ರೋಫೋಟೋಮೀಟರಿನಲ್ಲಿ ಎಲ್‌ಎಚ್‌2ರ 800 ಮತ್ತು 850 ನ್ಯಾನೊಮೀಟರಿನ ಶಿಖರಗಳು ಎದ್ದು ಕಾಣುತ್ತವೆ. 875ರ ಹತ್ತಿರದ ಎಲ್‌ಎಚ್‌1 (ಬೆಳಕು ಹಿಡಿಯುವ ಇನ್ನೊಂದು ಪ್ರೋಟೀನ್) ಅವುಗಳ ಪಕ್ಕದಲ್ಲಿ ಬರೀ ಭುಜದಂತೆ ಉಳಿಯುತ್ತದೆ.

ಗುಳ್ಳೆ ಗುಂಡಗೇ ಯಾಕಿರಬೇಕು? ನನಗೆ ತುಂಬಾ ಇಷ್ಟವಾದ ವಿಷಯ ಇದು. ಪೊರೆಯನ್ನು ಬಾಗಿಸುವುದು ಈ ಪ್ರೋಟೀನುಗಳೇ. ಎಲ್‌ಎಚ್‌2 ಇಲ್ಲದ ಕೆಲವು ತಳಿಗಳಲ್ಲಿ ಗುಳ್ಳೆಯ ಬದಲು ಉದ್ದನೆಯ ಕೊಳವೆಗಳಾಗುತ್ತವೆ. ಬೆಳಕಿನಿಂದ ಬದುಕಬಲ್ಲ ಇನ್ನೊಂದು ಬ್ಯಾಕ್ಟೀರಿಯಾ ರೋಡೋಸ್ಯೂಡೋಮೊನಾಸ್ ಪಲಸ್ಟ್ರಿಸ್‌ನಲ್ಲಂತೂ ಗುಳ್ಳೆಯೇ ಇಲ್ಲ, ಪದರದ ಮೇಲೆ ಪದರ.

ಒಂದು ಎಚ್ಚರಿಕೆ. ಬಲ್ಬಿನ ಬೆಳಕನ್ನಷ್ಟೇ ಬರೆದಿಟ್ಟುಕೊಂಡರೆ ಸಾಲದು. ಬಾಟಲಿ ದಟ್ಟವಾದಂತೆ ಕೋಶಗಳು ಒಂದರ ಮೇಲೊಂದು ನೆರಳು ಬೀಳಿಸುತ್ತವೆ. ಹೊರಗೆ ಬೆಳಕು ಅಷ್ಟೇ ಇದ್ದರೂ ಒಳಗಿನವಕ್ಕೆ ಮಬ್ಬು, ಗುಳ್ಳೆಯೂ ಹೆಚ್ಚುತ್ತದೆ. ಶೇಕರ್ ಫ್ಲಾಸ್ಕಿನದೂ ಇದೇ ಕಥೆ: ದಟ್ಟವಾದ ಮೇಲೆ ಆಮ್ಲಜನಕ ಸಾಲದೆ ಬಣ್ಣ ಗಾಢವಾಗುತ್ತದೆ. ಆದ್ದರಿಂದ ಹೋಲಿಸುವ ಮಾದರಿಗಳನ್ನು ಒಂದೇ ಗಂಟೆಗೆ ಅಲ್ಲ, ಒಂದೇ ಸಾಂದ್ರತೆಗೆ ಬಂದಾಗ, ಇನ್ನೂ ತೆಳುವಾಗಿರುವಾಗಲೇ ತೆಗೆಯಿರಿ.