ಬೆಳಗಿನ ಜಾವ ಎದೆ ಬಿಗಿದು ಎಚ್ಚರವಾಗುತ್ತದೆ. ಸರಾಗವಾಗಿ ಉಸಿರಾಡಿ ನಿದ್ರಿಸುವುದು ಹೇಗೆ?

ನಿಮ್ಮ ಪ್ರಶ್ನೆಯನ್ನು ಎರಡು ಬಾರಿ ಓದಿದೆ. ವಾರದಲ್ಲಿ ಮೂರು ನಾಲ್ಕು ರಾತ್ರಿ ಎದೆ ಬಿಗಿದು ಎಚ್ಚರವಾಗುತ್ತದೆ, ಕಫ ಗಂಟಲಿನವರೆಗೆ ಬಂದು ಅಲ್ಲೇ ನಿಲ್ಲುತ್ತದೆ, ತಕ್ಷಣದ ಶಮನಕ್ಕೆಂದು ಕೊಟ್ಟಿರುವ ಇನ್‌ಹೇಲರ್ ಎಳೆದುಕೊಂಡರೆ ಕೆಲವು ಗಂಟೆ ಸರಿಹೋಗಿ ಮತ್ತೆ ಮರುಕಳಿಸುತ್ತದೆ, ಹಬೆ ತೆಗೆದುಕೊಂಡರೂ ಅಷ್ಟೇ, ನಿದ್ರೆಮಾತ್ರೆ ನುಂಗಿದರೆ ಹೇಗೆ ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ. ಚಿಕ್ಕಂದಿನಿಂದಲೂ ಅಸ್ತಮಾದ ಜೊತೆಗೇ ಬಾಳಿ, ನೀವು ವರ್ಣಿಸಿರುವಂಥ ರಾತ್ರಿಗಳನ್ನು ಹಾಸಿಗೆಯ ಅಂಚಿನಲ್ಲಿ ಕುಳಿತೇ ಕಳೆದವನು. ಆ ಅನುಭವದಿಂದಲೂ ನನ್ನನ್ನು ನೋಡಿಕೊಂಡ ವೈದ್ಯರಿಂದಲೂ ಕಲಿತದ್ದನ್ನು ಬರೆಯುತ್ತೇನೆ.

ಎಲ್ಲಕ್ಕಿಂತ ಮೊದಲು ಅಪಾಯದ ಮಾತು. ಒಂದು ವಾಕ್ಯವನ್ನು ಒಂದೇ ಉಸಿರಿಗೆ ಮುಗಿಸಲು ಆಗದಿದ್ದರೆ, ತುಟಿ ನೀಲಿಗಟ್ಟಿದರೆ, ಉಸಿರೆಳೆದಾಗಲೆಲ್ಲ ಪಕ್ಕೆಲುಬುಗಳ ನಡುವಿನ ಚರ್ಮ ಒಳಕ್ಕೆ ಸೆಳೆದುಕೊಂಡರೆ, ಮಂಪರು ಕವಿದರೆ ಅಥವಾ ಇನ್‌ಹೇಲರ್ ಬಳಸಿದರೂ ಶಮನ ಸಿಗದಿದ್ದರೆ ಬೆಳಗಾಗಲೆಂದು ಕಾಯಬೇಡಿ, ಆ ಕ್ಷಣವೇ ತುರ್ತು ಚಿಕಿತ್ಸೆಗೆ ಹೋಗಿ. ಸುಂಯ್‌ಗುಡುವ ಸದ್ದು ನಿಂತರೂ ಉಸಿರಿನ ಕಷ್ಟ ಉಳಿದಿದ್ದರೆ ಅದನ್ನು ಗುಣವೆಂದು ತಿಳಿಯಬೇಡಿ. ಸದ್ದು ಮಾಡುವಷ್ಟು ಗಾಳಿಯೂ ಒಳಗೆ ಆಡುತ್ತಿಲ್ಲವೆಂದು ಅದರ ಅರ್ಥವಿರಬಹುದು.

ಇನ್ನು ನಿಮ್ಮ ಪ್ರಶ್ನೆಗೆ ಬರುತ್ತೇನೆ. ನನಗೆ ಬಹಳ ತಡವಾಗಿ ಅರ್ಥವಾದ ಸಂಗತಿಯೆಂದರೆ, ರಾತ್ರಿಯ ಉಬ್ಬಸಕ್ಕೆ ರಾತ್ರಿಯಲ್ಲಿ ಮದ್ದು ಹುಡುಕಿ ಹೆಚ್ಚು ಪ್ರಯೋಜನವಿಲ್ಲ. ದೇಹ ತಾನೇ ತಯಾರಿಸುವ ಕಾರ್ಟಿಸಾಲ್ ಎಂಬ ಹಾರ್ಮೋನು ಉರಿಯೂತವನ್ನು ಅಂಕೆಯಲ್ಲಿಡುತ್ತದೆ. ಅದರ ಮಟ್ಟ ನಡುರಾತ್ರಿಯ ಹೊತ್ತಿಗೆ ತೀರ ತಗ್ಗುತ್ತದೆ. ಬೆಳಗಿನ ಜಾವ ಸುಮಾರು 4 ಗಂಟೆಯ ವೇಳೆಗೆ ಶ್ವಾಸನಾಳಗಳು ಆರೋಗ್ಯವಂತರಲ್ಲೂ ಕೊಂಚ ಕಿರಿದಾಗುತ್ತವೆ. ಹಗಲಿಡೀ ಊದಿಕೊಂಡೇ ಇದ್ದ ನಾಳಗಳು ಆ ಹೊತ್ತಿಗೆ ಇನ್ನಷ್ಟು ಕಿರಿದಾದಾಗ ನಮಗೆ ಎಚ್ಚರವಾಗುತ್ತದೆ. ಅಂದರೆ ಹಗಲಿನಲ್ಲಿ ಆ ಊತವನ್ನು ಇಳಿಸದ ಹೊರತು ರಾತ್ರಿ ಸುಧಾರಿಸುವುದಿಲ್ಲ.

ನೀವು ಬಳಸುತ್ತಿರುವ ಶಮನದ ಇನ್‌ಹೇಲರ್‌ನಲ್ಲಿ ಬಹುಶಃ ಸಾಲ್ಬುಟಮಾಲ್ ಇರಬೇಕು. ಅದು ನಾಳಗಳ ಸುತ್ತಲಿನ ಸ್ನಾಯುಗಳನ್ನು ಕೆಲವೇ ನಿಮಿಷಗಳಲ್ಲಿ ಸಡಿಲಿಸುತ್ತದೆ, 4ರಿಂದ 6 ಗಂಟೆ ಕೆಲಸ ಮಾಡುತ್ತದೆ, ಆದರೆ ಒಳಗೋಡೆಯ ಊತವನ್ನು ಇಳಿಸುವುದಿಲ್ಲ. ಊತ ಇಳಿಸುವುದು ಬ್ಯೂಡೆಸೊನೈಡ್, ಬೆಕ್ಲೊಮೆಥಾಸೋನ್, ಫ್ಲೂಟಿಕಾಸೋನ್ ಮುಂತಾದ ಸ್ಟೀರಾಯ್ಡ್ ಇರುವ ತಡೆಗಟ್ಟುವ ಇನ್‌ಹೇಲರ್. ಅಸ್ತಮಾ ಚಿಕಿತ್ಸೆಗೆ ಜಾಗತಿಕ ಮಾರ್ಗಸೂಚಿ ರೂಪಿಸುವ ‘ಗಿನಾ’ ಎಂಬ ಸಂಸ್ಥೆ, ವಯಸ್ಕರಿಗೂ ಹದಿಹರೆಯದವರಿಗೂ ಸಾಲ್ಬುಟಮಾಲ್‌ನಂಥ ಔಷಧಿಯೊಂದನ್ನೇ ಕೊಟ್ಟು ಚಿಕಿತ್ಸೆ ಮಾಡುವುದು ಸುರಕ್ಷಿತವಲ್ಲವೆಂದು 2019ರಲ್ಲೇ ಸ್ಪಷ್ಟಪಡಿಸಿತು. ಸ್ಟೀರಾಯ್ಡ್ ಎಂಬ ಹೆಸರಿಗೇ ಹೆದರಿ ನಾನು ಎಷ್ಟೋ ವರ್ಷ ಅದನ್ನು ದೂರವಿಟ್ಟಿದ್ದೆ. ಆದರೆ ಅದರ ಅಳತೆ ಮೈಕ್ರೊಗ್ರಾಮ್‌ಗಳಲ್ಲಿರುತ್ತದೆ, ನೇರವಾಗಿ ಶ್ವಾಸಕೋಶಕ್ಕೆ ಹೋಗುತ್ತದೆ. ಸಾಮಾನ್ಯವಾಗಿ ಕಾಣುವ ತೊಂದರೆಗಳೆಂದರೆ ದನಿ ಒಡೆಯುವುದು ಮತ್ತು ಬಾಯಲ್ಲಿ ಬಿಳಿಯ ಶಿಲೀಂಧ್ರದ ಸೋಂಕು ಕಾಣಿಸಿಕೊಳ್ಳುವುದು. ಪ್ರತಿಸಲ ನೀರಿನಿಂದ ಬಾಯಿ ಮುಕ್ಕಳಿಸಿ ಉಗುಳಿದರೆ ಅದೂ ಬಹಳ ಮಟ್ಟಿಗೆ ತಪ್ಪುತ್ತದೆ. ಅದರ ಪೂರ್ಣ ಫಲ ಕಾಣಲು ಕೆಲವು ವಾರ ಬೇಕಾಗುತ್ತದೆ, ಆದ್ದರಿಂದ ನಾಲ್ಕು ದಿನ ಬಳಸಿ ಗುಣವಿಲ್ಲವೆಂದು ಕೈಬಿಡಬಾರದು. ಹಾಗೆಯೇ, ಗುಣವಾಯಿತೆಂದು ನೀವೇ ನಿಲ್ಲಿಸಲೂಬಾರದು. ನಿಮಗೆ ಇದನ್ನು ಯಾರೂ ಬರೆದುಕೊಟ್ಟಿಲ್ಲವಾದರೆ ವೈದ್ಯರಲ್ಲಿ ಮೊದಲು ಕೇಳಬೇಕಾದದ್ದು ಇದನ್ನೇ.

ಔಷಧಿ ಸರಿಯಿದ್ದರೂ ಅದನ್ನು ಎಳೆದುಕೊಳ್ಳುವ ಕ್ರಮ ತಪ್ಪಿದ್ದರೆ ಎಲ್ಲವೂ ವ್ಯರ್ಥ. ಇನ್‌ಹೇಲರ್ ಬಳಸಲು ಶುರುಮಾಡಿ ಎಷ್ಟೋ ವರ್ಷಗಳಾದ ಮೇಲೆ ಒಬ್ಬ ನರ್ಸ್ ನನ್ನನ್ನು ಎದುರಿಗೆ ಕೂರಿಸಿಕೊಂಡು, “ನೀವು ಹೇಗೆ ತೆಗೆದುಕೊಳ್ಳುತ್ತೀರಿ, ತೋರಿಸಿ” ಎಂದರು. ತೋರಿಸಿದೆ. ಆಕೆ ಏನೂ ಹೇಳದೆ ಒಂದು ಕನ್ನಡಿಯನ್ನು ನನ್ನ ಮುಖದ ಮುಂದೆ ಹಿಡಿದು, ಇನ್ನೊಮ್ಮೆ ಮಾಡಿ ಎಂದರು. ಡಬ್ಬಿ ಒತ್ತುತ್ತಿದ್ದಂತೆ ತುಟಿಯ ಎಡ ಅಂಚಿನಿಂದ ಬಿಳಿಯ ಆವಿಯ ಎಳೆಯೊಂದು ಮೇಲಕ್ಕೆದ್ದು ಕರಗಿತು. ಅಷ್ಟು ವರ್ಷ ನನ್ನ ಔಷಧಿಯ ಎಷ್ಟೋ ಪಾಲು ಹೀಗೆ ಗಾಳಿಗೆ ಹೋಗಿತ್ತು. ಆಮೇಲೆ ಆಕೆ ಕಲಿಸಿದ ಕ್ರಮ ಹೀಗಿದೆ: ಡಬ್ಬಿಯನ್ನು ಚೆನ್ನಾಗಿ ಕುಲುಕಿ, ಉಸಿರನ್ನು ಪೂರ್ತಿ ಹೊರಬಿಟ್ಟು, ಬಾಯಿತುದಿಯನ್ನು ತುಟಿಗಳಿಂದ ಸಂದಿಲ್ಲದಂತೆ ಮುಚ್ಚಿ, ನಿಧಾನವಾಗಿ ಉಸಿರೆಳೆಯಲು ತೊಡಗಿದ ಕೂಡಲೇ ಒಮ್ಮೆ ಒತ್ತಿ, ಎಳೆಯುವುದನ್ನು ನಿಲ್ಲಿಸದೆ ಎದೆ ತುಂಬಿಕೊಂಡು, ಹತ್ತು ಎಣಿಸುವವರೆಗೆ ಉಸಿರು ಹಿಡಿಯಬೇಕು. ಎರಡನೆಯ ಸಲ ಬೇಕಿದ್ದರೆ ಅರ್ಧ ನಿಮಿಷವಾದರೂ ಬಿಟ್ಟು, ಮತ್ತೆ ಕುಲುಕಿ ತೆಗೆದುಕೊಳ್ಳಬೇಕು. ಸ್ಪೇಸರ್ ಎಂಬ ಕೊಳವೆಯನ್ನು ಜೋಡಿಸಿಕೊಂಡರೆ ಒತ್ತುವುದಕ್ಕೂ ಎಳೆಯುವುದಕ್ಕೂ ಹೊಂದಾಣಿಕೆ ತಪ್ಪುವ ಭಯವಿಲ್ಲ. ಅದು ಮಕ್ಕಳಿಗೆ ಮಾತ್ರವೆಂಬ ಸಂಕೋಚ ಬೇಡ, ನಾನು ಇಂದಿಗೂ ಬಳಸುತ್ತೇನೆ. ನಿಮ್ಮದು ಪುಡಿಯ ಇನ್‌ಹೇಲರ್ ಆಗಿದ್ದರೆ ಮಾತ್ರ ವಿಧಾನ ಬೇರೆ: ಅದನ್ನು ವೇಗವಾಗಿ, ಬಲವಾಗಿ ಎಳೆದುಕೊಳ್ಳಬೇಕು, ಅದರೊಳಕ್ಕೆ ಉಸಿರು ಬಿಡಬಾರದು.

ಕಫದ ವಿಷಯ. ಅಸ್ತಮಾದಲ್ಲಿ ಅಂಟಂಟಾದ ಕಫ ಕಟ್ಟುವುದೂ ಅದೇ ಊತದ ಫಲವಾದ್ದರಿಂದ, ಊತ ಇಳಿದಂತೆ ಕಫವೂ ಇಳಿಯುತ್ತದೆ. ಅಲ್ಲಿಯವರೆಗೆ ಅದನ್ನು ಹೊರಹಾಕಲು ಜೋರಾಗಿ ಕೆಮ್ಮಿ ಕೆಮ್ಮಿ ಸುಸ್ತಾಗುವ ಬದಲು, ನೆಟ್ಟಗೆ ಕುಳಿತು, ಮೂರು ನಾಲ್ಕು ಬಾರಿ ಆಳವಾಗಿ ಉಸಿರೆಳೆದು ಮೂರು ಸೆಕೆಂಡು ಹಿಡಿದು ಬಿಟ್ಟು, ಬಳಿಕ ಕನ್ನಡಿಯ ಮೇಲೆ ಮಂಜು ಕೂರಿಸುವವರಂತೆ ಬಾಯಿ ತೆರೆದು ‘ಹಾ’ ಎಂದು ಉಸಿರನ್ನು ಒಂದೆರಡು ಸಲ ರಭಸದಿಂದ ಹೊರದೂಡಿ ನೋಡಿ. ಮಲಗುವುದಕ್ಕೆ ಮುಂಚೆ ಹೀಗೆ ಮಾಡಿದರೆ ನನಗೆ ಎದೆ ಹಗುರಾಗುತ್ತದೆ. ಸುಂಯ್‌ಗುಡುವ ಸದ್ದು ಹೆಚ್ಚಿದರೆ ನಿಲ್ಲಿಸಿ. ಹಬೆ ಮೂಗನ್ನು ತುಸು ಬಿಡಿಸಬಹುದೇ ವಿನಾ ಅಸ್ತಮಾಕ್ಕೆ ಚಿಕಿತ್ಸೆಯಲ್ಲ, ಕೆಲವರಿಗೆ ಉಬ್ಬಸವನ್ನೇ ಕೆರಳಿಸುತ್ತದೆ, ಕುದಿನೀರು ಮೈಮೇಲೆ ಚೆಲ್ಲಿ ಸುಡುವ ಅಪಾಯ ಬೇರೆ. ಎದೆಗೆ ಹಚ್ಚುವ ಮೆಂಥಾಲ್ ಮುಲಾಮು ಮೂಗಿನ ತಂಪಿನ ನರಗಳನ್ನು ಪ್ರಚೋದಿಸಿ ಗಾಳಿ ಹೆಚ್ಚು ಬಂದಂತೆ ಅನ್ನಿಸುವ ಹಾಗೆ ಮಾಡುತ್ತದೆ. ನಾಳ ಮಾತ್ರ ಇದ್ದಷ್ಟೇ ಇರುತ್ತದೆ. ಕಫ ಹಳದಿಯಾಗಿದೆ ಎಂಬ ಒಂದೇ ಕಾರಣಕ್ಕೆ ಆಂಟಿಬಯಾಟಿಕ್ ಕೊಂಡು ನುಂಗಬೇಡಿ, ಅಸ್ತಮಾದ ಉರಿಯೂತದಿಂದಲೇ ಆ ಬಣ್ಣ ಬರಬಹುದು.

ನಿದ್ರೆಮಾತ್ರೆಯ ಬಗ್ಗೆ ನನ್ನ ಮಾತು ಖಂಡಿತವಾದದ್ದು: ಬೇಡ. ಉಸಿರು ಕಟ್ಟಿದಾಗ ದೇಹ ನಿಮ್ಮನ್ನು ಎಬ್ಬಿಸುವುದು ನಿಮ್ಮನ್ನು ಉಳಿಸಲಿಕ್ಕೆ. ಕೆಲವು ಮಾತ್ರೆಗಳು ಆ ಎಚ್ಚರವನ್ನು ಮಂಕಾಗಿಸಿ ಉಸಿರಾಟವನ್ನೂ ಕುಗ್ಗಿಸುತ್ತವೆ. ಇದೇ ಸಂದರ್ಭದಲ್ಲಿ ಬೇರೆ ಔಷಧಿಗಳನ್ನೂ ವೈದ್ಯರಿಗೆ ತೋರಿಸಿ, ಏಕೆಂದರೆ ಆಸ್ಪಿರಿನ್ ಮತ್ತು ಐಬುಪ್ರೊಫೇನ್ ಜಾತಿಯ ನೋವುಮಾತ್ರೆಗಳು ಕೆಲವರಲ್ಲಿ ಉಬ್ಬಸ ತರುತ್ತವೆ. ರಕ್ತದೊತ್ತಡಕ್ಕೆ ಕೊಡುವ ಬೀಟಾ ಬ್ಲಾಕರ್‌ಗಳಷ್ಟೇ ಅಲ್ಲ, ಗ್ಲಾಕೋಮಾಕ್ಕೆ ಕಣ್ಣಿಗೆ ಹಾಕುವ ಟಿಮೊಲಾಲ್ ಹನಿಗಳೂ ಅದನ್ನು ಮಾಡಬಲ್ಲವು.

ಹಾಸಿಗೆಯನ್ನೂ ಗಮನಿಸಿ. ಧೂಳುನುಸಿಗಳು ಕಣ್ಣಿಗೆ ಕಾಣಿಸುವುದಿಲ್ಲ. ನಾವು ಉದುರಿಸುವ ಚರ್ಮದ ಹುಡಿಯನ್ನು ತಿಂದು ದಿಂಬು ಹಾಸಿಗೆಗಳಲ್ಲಿ ಬೆಳೆಯುತ್ತವೆ. ಅವುಗಳ ಅಲರ್ಜಿ ನಿಮಗಿದ್ದರೆ ಹೊದಿಕೆ, ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಾದ ನೀರಿನಲ್ಲಿ ಒಗೆಯಿರಿ, ಕೋಣೆಯಲ್ಲಿ ತೇವ ಕೂರದಂತೆ ನೋಡಿಕೊಳ್ಳಿ. ಬೀಡಿ ಸಿಗರೇಟಿನದಿರಲಿ, ಬೇರೆ ಯಾವುದರದೇ ಇರಲಿ, ಮಲಗುವ ಕೋಣೆಗೆ ಹೊಗೆ ಬರಕೂಡದು. ರಾತ್ರಿ ಎದೆಯುರಿ, ಹುಳಿತೇಗು ಇದ್ದರೆ ಊಟವಾಗಿ ಎರಡು ಮೂರು ಗಂಟೆ ಕಳೆದ ಮೇಲೆ ಮಲಗಿ. ದಿಂಬುಗಳನ್ನು ಪೇರಿಸುವುದಕ್ಕಿಂತ ಮಂಚದ ತಲೆಯ ಕಡೆಯ ಕಾಲುಗಳನ್ನೇ 15ರಿಂದ 20 ಸೆಂಟಿಮೀಟರ್ ಎತ್ತರಿಸುವುದು ಒಳ್ಳೆಯದು. ಮೂಗು ಕಟ್ಟುತ್ತಿದ್ದರೆ ಅದಕ್ಕೂ ಚಿಕಿತ್ಸೆ ಕೇಳಿ.

ಒಂದು ಸಂದೇಹವನ್ನೂ ಬರೆಯಲೇಬೇಕು. ಮಲಗಿದೊಡನೆ ಉಸಿರು ಕಟ್ಟಿ, ಎದ್ದು ಕೂತರೆ ಸಲೀಸಾಗುವುದು, ಕಾಲು ಊದುವುದು ಇದ್ದರೆ ಅದು ಹೃದಯದ ತೊಂದರೆಯಿರಬಹುದು. ಎರಡು ವಾರ ಮೀರಿದ ಕೆಮ್ಮಿನ ಜೊತೆ ಜ್ವರ, ತೂಕ ಇಳಿಯುವುದು, ಕಫದಲ್ಲಿ ರಕ್ತ ಕಂಡರೆ ಕ್ಷಯದ ಪರೀಕ್ಷೆಯಾಗಬೇಕು. ನಿಮ್ಮದು ಅಸ್ತಮಾ ಹೌದೇ ಎಂಬುದನ್ನು ಊದಿ ನೋಡುವ ಸ್ಪೈರೊಮೆಟ್ರಿ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಿ.

ಇಂದಿನಿಂದಲೇ ಒಂದು ಪುಸ್ತಕ ಇಟ್ಟುಕೊಂಡು ಎಷ್ಟು ಗಂಟೆಗೆ ಎಚ್ಚರವಾಯಿತು, ಇನ್‌ಹೇಲರ್ ಎಷ್ಟು ಸಲ ಒತ್ತಿದಿರಿ ಎಂದು ಬರೆಯಿರಿ. ಉಸಿರನ್ನು ಎಷ್ಟು ವೇಗವಾಗಿ ಹೊರದೂಡುತ್ತೀರೆಂದು ಅಳೆಯುವ ಪೀಕ್ ಫ್ಲೋ ಮೀಟರ್ ಎಂಬ ಸಾಧನ ಸಿಕ್ಕರೆ ಬೆಳಿಗ್ಗೆ, ಸಂಜೆ ಮೂರು ಮೂರು ಸಲ ಊದಿ ಹೆಚ್ಚಿನ ಅಂಕಿಯನ್ನು ದಾಖಲಿಸಿ. ಕಳೆದ ನಾಲ್ಕು ವಾರಗಳಲ್ಲಿ ಅಸ್ತಮಾದಿಂದ ಒಂದು ರಾತ್ರಿ ಎಚ್ಚರವಾಗಿದ್ದರೂ, ವಾರಕ್ಕೆ ಎರಡಕ್ಕಿಂತ ಹೆಚ್ಚು ಬಾರಿ ಶಮನದ ಔಷಧಿ ಬೇಕಾಗಿದ್ದರೂ ರೋಗ ಪೂರ್ತಿ ಹತೋಟಿಯಲ್ಲಿಲ್ಲವೆಂದೇ ವೈದ್ಯರು ಎಣಿಸುತ್ತಾರೆ. ಆ ಪುಸ್ತಕವನ್ನೂ ಇನ್‌ಹೇಲರನ್ನೂ ಒಯ್ದು, ಅವರ ಎದುರಿಗೇ ಒಮ್ಮೆ ಎಳೆದು ತೋರಿಸಿ, ಉಬ್ಬಸ ಹೆಚ್ಚಿದಾಗ ಯಾವ ಹಂತದಲ್ಲಿ ಏನು ಮಾಡಬೇಕೆಂಬುದನ್ನು ಕಾಗದದಲ್ಲಿ ಬರೆಸಿಕೊಂಡು ಬನ್ನಿ. ನನ್ನ ಕಾಗದ ಹಾಸಿಗೆಯ ಪಕ್ಕದ ಗೋಡೆಯ ಮೇಲಿದೆ, ಕತ್ತಲಲ್ಲಿ ಕೈಚಾಚಿದರೆ ಸಿಗುವಂತೆ ಇನ್‌ಹೇಲರ್ ಮತ್ತು ಸ್ಪೇಸರ್ ಅದರ ಕೆಳಗಿವೆ.